ಹರವೆ ಕಡೆಯ ವ್ಯಾನು

ನಾಲ್ಕನೇ ಲೈನಿನ ಹೊಲಿಗೆ ಮಿಷಿನುಗಳ ಮೇಲೆ ಹೊದಿಸಿದ್ದ ನೀಲಿ ಬಟ್ಟೆಯನ್ನು ಆ ಶುಕ್ರವಾರವೂ ಯಾರೂ ತೆಗೆಯಲಿಲ್ಲ. ಉಳಿದ ಲೈನುಗಳು ಗಡಗಡ ಓಡುತ್ತಿದ್ದರೆ ಇದೊಂದು ಮಾತ್ರ ಸೂತಕದ ಮನೆಯ ಹಾಗೆ ಸುಮ್ಮನಿತ್ತು. ಶಿವರಂಜನಿ ಬೆಳಗಿನಿಂದ ಗೇಟಿಗೂ ಲೈನಿಗೂ ಎಷ್ಟು ಸಲ ಓಡಾಡಿದಳೋ ಅವಳಿಗೇ ಗೊತ್ತಿಲ್ಲ. ಲೈನಿನಲ್ಲಿ ನಿಂತರೆ ವ್ಯಾನು ಈಗ ಬಂದಿರಬಹುದು ಅನ್ನಿಸುತ್ತಿತ್ತು, ಗೇಟಿನಲ್ಲಿ ನಿಂತರೆ ಹುಡುಗಿಯರು ಆಗಲೇ ಒಳಗೆ ಹೋಗಿರಬಹುದು ಅನ್ನಿಸುತ್ತಿತ್ತು. ವ್ಯಾನೇನೋ ಬಂದಿತ್ತು. ಖಾಲಿ ಬಂದಿತ್ತು.

ಚಾಮರಾಜನಗರದ ಹೊರಗಿನ ಆ ಗಾರ್ಮೆಂಟ್ಸ್ ಕಾರ್ಖಾನೆಗೆ ಕೆಲಸದವರನ್ನು ಹುಡುಕಿ ತರುವುದು, ತಂದವರನ್ನು ಉಳಿಸಿಕೊಳ್ಳುವುದು ಅವಳ ಕೆಲಸ. ಎಚ್.ಆರ್. ಮೇಡಂ ಅಂತ ಹೆಸರು. ಹರವೆ ಕಡೆಯ ಹುಡುಗಿಯರನ್ನು ಮನೆಮನೆಗೆ ಹೋಗಿ ಒಪ್ಪಿಸಿ ಕರೆತಂದವಳೂ ಅವಳೇ. ಶರಟಿಗೆ ಕಾಲರ್ ಕೂರಿಸುವುದರಲ್ಲಿ ಇಡೀ ಕಾರ್ಖಾನೆಯಲ್ಲಿ ಅವರ ಸಮ ಯಾರೂ ಇರಲಿಲ್ಲ. ಅದರಲ್ಲೂ ಭಾನು ಎಂಬ ಹುಡುಗಿ ಮಿಷಿನಿಗೆ ಕೂತಳೆಂದರೆ ಸೂಪರ್‌ವೈಸರು ಆ ಕಡೆ ತಿರುಗಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಬಂದರೆ ಎಲ್ಲರೂ ಒಟ್ಟಿಗೆ ಬರುತ್ತಿದ್ದರು. ಈಗ ಎಲ್ಲರೂ ಒಟ್ಟಿಗೇ ನಿಂತುಬಿಟ್ಟಿದ್ದರು.

ಪ್ರೊಡಕ್ಷನ್ ಮ್ಯಾನೇಜರ್ ಚಂದ್ರಕುಮಾರ್ ತನ್ನ ಕೋಣೆಗೆ ಕರೆದು ಹೇಳಿದ: "ಸೋಮವಾರದಿಂದ ಲೈನ್ ನಡೆದ್ರೆ ಸರಿ ಶಿವರಂಜನಿ. ಇಲ್ಲಾಂದ್ರೆ ಮಿಷಿನ್‌ಗಳನ್ನ ನಂಜನಗೂಡಿನ ಯೂನಿಟ್ಟಿಗೆ ಸಾಗಿಸ್ತಾರೆ. ಲೈನೇ ಇಲ್ದಿದ್ಮೇಲೆ ನೀವೂ ಬೇರೆ ಕಡೆ ನೋಡ್ಕೋಬೇಕಾಗುತ್ತೆ. ಕೋಪದಲ್ಲಿ ಹೇಳ್ತಿಲ್ಲ."

ಕೋಪದಲ್ಲಿ ಹೇಳಿದ್ದರೆ ವಾಸಿಯಿತ್ತು. ಕೋಪ ಇಳಿಯುತ್ತದೆ ಎಂಬ ಆಸೆಯಾದರೂ ಇರುತ್ತಿತ್ತು.

ಅವಳು ಸುಮ್ಮನೆ ಕೂತವಳಲ್ಲ. ಫೋನು ಮಾಡಿ ಮಾಡಿ ಕಿವಿ ಬಿಸಿಯಾಗಿತ್ತು. ಒಬ್ಬಳಿಗೆ ಹೊಟ್ಟೆನೋವು, ಒಬ್ಬಳ ಮನೆಗೆ ನೆಂಟರು, ಒಬ್ಬಳು ಅರಿಶಿನ ಬೇಯಿಸಲು ಹೋಗಬೇಕು. ತಪ್ಪದೆ ಬಂದವರಿಗೆ ಬೋನಸ್ ಎಂದಳು, ಕ್ಯಾಂಟೀನಿನಲ್ಲಿ ಮೊಟ್ಟೆ ಎಂದಳು. ಆ ಕಡೆಯಿಂದ "ಆಯ್ತು ಮೇಡಂ, ನೋಡ್ತೀನಿ" ಎಂಬ ಉತ್ತರ ಬರುತ್ತಿತ್ತು. ನೋಡ್ತೀನಿ ಅಂದರೆ ಬರುವುದಿಲ್ಲ ಅಂತ ಅರ್ಥ ಎನ್ನುವುದು ತೆರಕಣಾಂಬಿಯಲ್ಲಿ ಹುಟ್ಟಿ ಬೆಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಮಧ್ಯಾಹ್ನ ಊಟವನ್ನೂ ಬಿಟ್ಟು ಸ್ಕೂಟರ್ ಹತ್ತಿ ಹರವೆಯ ಕಡೆ ಹೊರಟಳು. ಭಾನುವಿನ ಮನೆ ಹರವೆಯಿಂದಾಚೆಯ ಒಂದು ಸಣ್ಣ ಊರಿನಲ್ಲಿತ್ತು. ಟಾರು ರಸ್ತೆ ಬಿಟ್ಟು ಅರಿಶಿನದ ಹೊಲ, ಬಾಳೆತೋಟಗಳ ನಡುವಿನ ಓಣಿಯಲ್ಲಿ ಒಳಗೆ ಹೋಗಬೇಕು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಭಾನುವಿನ ತಾಯಿ ಚಿಕ್ಕಮಾದಮ್ಮ, ಇವಳನ್ನು ಕಂಡು ಏಳಲೂ ಇಲ್ಲ, ಕೂರು ಅನ್ನಲೂ ಇಲ್ಲ.

"ಯಾಕವ್ವಾ, ಭಾನುನ ಕಳುಸ್ತಿಲ್ಲ? ಸಂಬಳ ಸಾಲ್ದಾ?"

"ಸಂಬಳುಕ್ಕೆ ಯಾನಾಗದ? ಸಂಬಳ ಚೆನ್ನಾಗೇ ಅದ." ಚಿಕ್ಕಮಾದಮ್ಮ ಸಿಪ್ಪೆಯನ್ನು ಅಂಗಳಕ್ಕೆ ಎಸೆದಳು. "ಆ ಮಾದುನ್ನ ಯಾಕ್ ಬುಡುಸ್ಬುಟ್ರಿ?"

ಶಿವರಂಜನಿಗೆ ಒಂದು ಗಳಿಗೆ ಯಾವ ಮಾದು ಎಂದೇ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹಳೆಯ ವ್ಯಾನ್ ಡ್ರೈವರ್ ಪುಟ್ಟಮಾದು. ದಿನಾ ಸಂಜೆ ವ್ಯಾನನ್ನು ತಡವಾಗಿ ವಾಪಸು ತರುತ್ತಾನೆ, ದಾರಿಯಲ್ಲಿ ಎಲ್ಲೆಲ್ಲೋ ನಿಲ್ಲಿಸಿಕೊಂಡು ಕೂರುತ್ತಾನೆ ಎಂದು ವ್ಯಾನಿನ ಕಂಟ್ರಾಕ್ಟರು ದೂರು ಹೇಳಿದ್ದ. "ಹಾಗಾದರೆ ಬೇರೆಯವರನ್ನು ಹಾಕಿ" ಎಂದಿದ್ದಳು ಇವಳು. ಅಷ್ಟೇ. ಅದೊಂದು ಮಾತನ್ನು ಆಡಿದ್ದೇ ಅವಳಿಗೆ ಮರೆತುಹೋಗಿತ್ತು.

"ಮಾದು ಈ ಓಣಿ ಬಾಯ್ಲಿ ಗಾಡಿ ನಿಲ್ಸನು. ನಮ್ ಕೂಸು ಮನ ಬಾಗ್ಲುಗ್ ಬಂದು 'ಸೇರ್ಕಂಡೆ ಕಣಣ್ಣಾ' ಅಂತ ಕೂಗಗಂಟ ಗಾಡಿ ಕದಲುಸ್ತಿರ್ನಿಲ್ಲ. ಒಂದ್ ಕೂಸ್ಗಲ್ಲ, ಎಲ್ಲಾ ಕೂಸ್ಗೊಳ್ಗೂ ಅಂಗೇಯ. ಈಗ ಬಂದನಲ್ಲ, ಇವ ಎಲ್ಲಾರ್ನೂವಿ ಟಾರ್ ರೋಡಲ್ಲಿ ಒಟ್ಗೆ ಇಳ್ಸ್ಬುಟ್ಟು ಬುರ್ ಅಂತ ಓಯ್ತನ. ಕಲ್ ಕ್ವಾರಿ ತಾವು ಚಿರತೆ ಓಡಾಡ್ತದ. ಚಿರತೆನಾರ ವಾಸಿ, ಕುಡ್ಕಂಡ್ ಕೂತಿರ ಗಂಡ್ ಐಕ ಅವರಲ್ಲ, ಅವುರ್ನ ಯಾನ ಮಾಡದು? ನೀನಾದ್ರೆ ಕಳುಸ್ತಿದ್ದಾ?"

ಬಾಗಿಲ ಸಂದಿಯಲ್ಲಿ ಭಾನು ನಿಂತಿದ್ದಳು. ಅವಳಿಗೆ ಕೆಲಸಕ್ಕೆ ಬರುವ ಆಸೆಯಿದೆ ಎನ್ನುವುದು ಅವಳು ನಿಂತ ರೀತಿಯಲ್ಲೇ ಕಾಣುತ್ತಿತ್ತು.

ಶನಿವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದಳು. ಪುಟ್ಟಮಾದು ಅಲ್ಲಿ ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದಾನೆಂದು ಭಾನುವೇ ತಿಳಿಸಿದ್ದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಅಲ್ಲೇ ಇಳಿದು ಅಣ್ಣನ ಮನೆಗೆ ಹೋಗಿ ಮುಸುಕೆಳೆದು ಮಲಗಿಬಿಡೋಣ ಅನ್ನಿಸಿದ್ದೂ ಉಂಟು.

ಪುಟ್ಟಮಾದು ವ್ಯಾನಿನ ಸೀಟಿಗೆ ನೀರು ಎರಚಿ ಉಜ್ಜುತ್ತಿದ್ದ. ಯಾವುದೋ ಮಗು ವಾಂತಿ ಮಾಡಿಕೊಂಡಿತ್ತು.

"ವಾಪಸ್ ಬನ್ನಿ ಅಂತ ಕೇಳೋದಕ್ಕೆ ಬಂದೆ. ಸಂಬಳ ಹೆಚ್ಚು ಮಾಡಿಸ್ತೀನಿ."

"ಬರಕಿಲ್ಲ ಮೇಡಮ್ಮೋರೆ." ತಲೆ ಎತ್ತದೆ ಹೇಳಿದ. "ಇಲ್ಲಿ ಸಂಜೆಗ್ ಮುಂಚೆ ಮನ ಸೇರ್ಕತೀನಿ. ಈ ಐಕ ವಾಂತಿ ಮಾಡ್ತವ ಅಷ್ಟೇಯ, ಕಂಪ್ಲೇಂಟ್ ಮಾಡಕಿಲ್ಲ."

"ನನ್ನಿಂದ ತಪ್ಪಾಯ್ತು. ಯಾಕೆ ತಡ ಆಗುತ್ತೆ ಅಂತ ನೀವಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ?"

ಅವನು ಬಟ್ಟೆ ಹಿಂಡಿ ನೆಟ್ಟಗೆ ನಿಂತ. ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ. "ತಡ ತಡ ಅಂದ್ರಿ. ಯಾಕಪ್ಪ ಮಾದು ತಡ ಅಂತ ಒಬ್ರಾರ ಕೇಳುದ್ರಾ?"

ಶಿವರಂಜನಿ ತಿರುಗಿ ಹೊರಟಾಗ ಹಿಂದಿನಿಂದ ಅವನೇ ಕೂಗಿ ಹೇಳಿದ: "ಇಂಜಿನ್ ಆಫ್ ಮಾಡ್ಬೇಕು ಅಂತ ಆ ಹೊಸಬುಂಗ್ ಹೇಳಿ. ಇಲ್ದಿದ್ರ ಕೂಗು ಕೇಳಕಿಲ್ಲ."

ಭಾನುವಾರ ಚಿಕ್ಕಮಾದಮ್ಮನಿಗೂ ಉಳಿದ ಹುಡುಗಿಯರ ಮನೆಗಳಿಗೂ ಫೋನು ಮಾಡಿ ಬೇಡಿಕೊಂಡಳು. ನಾಳೆ ಒಂದು ದಿನ ಕಳುಹಿಸಿ, ಸಂಜೆ ವ್ಯಾನಿನಲ್ಲಿ ನಾನೇ ಜೊತೆಗೆ ಬರುತ್ತೇನೆ ಎಂದಳು. ಸೋಮವಾರ ಬೆಳಗ್ಗೆ ನೀಲಿ ಬಟ್ಟೆಗಳು ಮಿಷಿನಿನಿಂದ ಇಳಿದವು. ಚಂದ್ರಕುಮಾರ್ ಒಂದು ಸುತ್ತು ಬಂದು ನೋಡಿ, "ನಾಳೆಯೂ ಬರ್ತಾರಾ?" ಎಂದು ಕೇಳಿ ಹೋದ. ಅವಳ ಖುಷಿ ಅಷ್ಟಕ್ಕೇ ಮುಗಿಯಿತು.

ಸಂಜೆ ಹೊಸ ಡ್ರೈವರ್ ಗಿರೀಶನ ಪಕ್ಕದ ಸೀಟಿನಲ್ಲಿ ಕೂತಳು. ಗಿರೀಶ ಕೆಟ್ಟವನೇನಲ್ಲ, ಆದರೆ ಅವನ ಕೈ ಯಾವಾಗಲೂ ಹಾರನ್ನಿನ ಮೇಲೇ ಇರುತ್ತಿತ್ತು. ಮೊದಲನೇ ಓಣಿಯಲ್ಲಿ ಒಂದು ಹುಡುಗಿ ಇಳಿದಳು. ಅವನು ಗೇರ್ ಹಾಕಿದ.

"ತಡಿ ಗಿರೀಶ್. ಇಂಜಿನ್ ಆಫ್ ಮಾಡು."

"ಯಾಕ್ ಮೇಡಂ? ತಡ ಆದ್ರೆ ಕಂಟ್ರಾಕ್ಟರು ಉಗೀತರ."

"ಅವನಿಗೆ ನಾನು ಹೇಳ್ತೀನಿ."

ಸದ್ದು ನಿಂತಿತು. ಜೀರುಂಡೆಯ ದನಿ, ಎಲ್ಲೋ ಪಂಪ್‌ಸೆಟ್ಟಿನ ದನಿ. ಗಿರೀಶ ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತಿದ್ದ. ಅಷ್ಟರಲ್ಲಿ ಕತ್ತಲೆಯೊಳಗಿನಿಂದ "ಸೇರ್ಕಂಡೆ ಕಣಣ್ಣಾ!" ಎಂಬ ಕೂಗು ಬಂತು. ಹುಡುಗಿ ಹಳೆಯ ರೂಢಿಯಂತೆ ಕೂಗಿದ್ದಳು. ಗಿರೀಶ ಬೆಚ್ಚಿ ಇವಳ ಮುಖ ನೋಡಿದ. "ನಂಗಾ ಕೂಗಿದ್ದು?" ಎಂದ.

"ಇನ್ಯಾರಿಗೆ?"

ಎರಡನೇ ಕಡೆಯೂ ಇವಳು ಹೇಳಿದ ಮೇಲೆ ಇಂಜಿನ್ ಆರಿಸಿದ, ಆಮೇಲಿನ ಓಣಿಗಳಲ್ಲೂ ಹಾಗೆಯೇ. ಅವನ ಮುಖ ಸಪ್ಪಗಿತ್ತು. ಕಡೆಗೆ ಉಳಿದವಳು ಭಾನು. ಶಿವರಂಜನಿ ಅವಳ ಜೊತೆ ಓಣಿಯಲ್ಲಿ ಬಾಗಿಲ ತನಕ ನಡೆದು ಹೋದಳು. ಚಿಕ್ಕಮಾದಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಮಗಳ ಕೂಗನ್ನೂ ಕೇಳಿದಳು, ಗಾಡಿ ನಿಂತಿದ್ದನ್ನೂ ಕಂಡಳು. ಆದರೂ ಅವಳ ಹುಬ್ಬಿನ ಗಂಟು ಸಡಿಲವಾಗಲಿಲ್ಲ.

"ಇವತ್ತು ನೀ ಕೂತಿದ್ದೀಯ ಅಂತ ನಿಲ್ಸವ್ನ. ನೀನಿಲ್ದಾಗ ನಿಲ್ಸ್ತನಾ? ದಿನಾ ಬಂದಿಯಾ ನೀನು?"

"ನಾಳೆಯೂ ಬರ್ತೀನವ್ವ."

"ನಾಳ ಕಳುಸ್ತೀನಿ, ಬುಡು. ಆಮೇಲಿಂದು?"

ವಾಪಸು ಬರುವಾಗ ಮನೆಯಿಂದ ಶಿವರಂಜನಿಯ ಅಮ್ಮ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. ಬಂದೆ ಬಂದೆ ಎಂದು ಹೇಳಿ ಶಿವರಂಜನಿ ಫೋನು ಇಟ್ಟಳು. ಎಷ್ಟು ದಿನ ಹೀಗೆ ಕಾವಲು ಕೂರಲು ಆಗುತ್ತದೆ? ನಿಲ್ಲಿಸು ಎಂದು ಆಜ್ಞೆ ಮಾಡಬಹುದು. ಆಜ್ಞೆಗೆ ನಿಲ್ಲಿಸುವವನು ಆಜ್ಞೆ ಮರೆತ ದಿನ ನಿಲ್ಲಿಸುವುದಿಲ್ಲ. ಚಿಕ್ಕಮಾದಮ್ಮ ಕೇಳಿದ್ದೂ ಅದನ್ನೇ. ಕೆಲಸ ಹೋದರೆ ಹೋಗಲಿ ಎಂದುಕೊಂಡಳು, ಮರುಗಳಿಗೆ ಭಾನು ಬಾಗಿಲ ಸಂದಿಯಲ್ಲಿ ನಿಂತಿದ್ದು ಕಣ್ಣಿಗೆ ಕಟ್ಟಿ, ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಪಟ್ಟಳು.

ಚಾಮರಾಜನಗರದ ಅವಳ ಬಾಡಿಗೆ ಮನೆಯ ಬೀದಿಯಲ್ಲಿ ಕರೆಂಟು ಹೋಗಿತ್ತು. ಬೀದಿಯ ತಿರುವಿನಲ್ಲಿ ಇಳಿದು, ಮೊಬೈಲಿನ ಬೆಳಕು ಹಿಡಿದು ಬೇಗಬೇಗ ನಡೆದು ಮನೆಯೊಳಗೆ ಹೋದಳು. ತಾಯಿ ಪುಟ್ಟಬಸಮ್ಮ ಮೇಣದ ಬತ್ತಿ ಹಿಡಿದು ಬಂದಳು. "ಇಷ್ಟೊತ್ತು ಮಾಡ್ಕಂಡ್ ಬಂದ್ರ ನನ್ ಜೀವ ನಿಂತದಾ? ಕೈಕಾಲ್ ತೊಳ್ಕ ಓಗು" ಎಂದಳು. ಶಿವರಂಜನಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಮುಖ ಒರೆಸಿಕೊಳ್ಳುತ್ತ ಅಡಿಗೆಮನೆಗೆ ಬಂದವಳಿಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ವ್ಯಾನು ಹೊರಟ ಸದ್ದು ಕೇಳಿಯೇ ಇರಲಿಲ್ಲ.

ಕೆಟ್ಟು ನಿಂತಿತೇ ಎಂದು ಗಾಬರಿಯಾಗಿ ಕಿಟಕಿಯಿಂದ ಬಗ್ಗಿ ನೋಡಿದಳು. ತಿರುವಿನಲ್ಲಿ ವ್ಯಾನು ಒಳಗಿನ ದೀಪ ಹೊತ್ತಿಸಿಕೊಂಡು ನಿಂತಿತ್ತು. ಇಂಜಿನ್ ಆಫ್ ಆಗಿತ್ತು. ಗಿರೀಶ ಫೋನು ನೋಡುತ್ತಿರಲಿಲ್ಲ, ಬೆರಳೂ ಕುಟ್ಟುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿಗೆ ಕೈ ಆನಿಸಿಕೊಂಡು ಇವಳ ಮನೆಯ ಕಡೆಗೇ ತಿರುಗಿದ್ದ. ಇಂಜಿನ್ ಆರಿಸು ಎಂದು ಇಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

ಶಿವರಂಜನಿ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು, ಎಚ್.ಆರ್. ಮೇಡಂ ಎನ್ನುವುದನ್ನು ಮರೆತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ಸೇರ್ಕಂಡೆ ಕಣಣ್ಣಾ!"

"ಯಾರ್ನಮ್ಮಿ ಅಂಗ್ ಕೂಗ್ತಿದ್ದಯ್?" ಒಳಗಿನಿಂದ ಪುಟ್ಟಬಸಮ್ಮ ಗಾಬರಿಯಿಂದ ಕೇಳಿದಳು.

ತಿರುವಿನಲ್ಲಿ ಇಂಜಿನ್ ಸದ್ದು ಶುರುವಾಯಿತು. ಶಿವರಂಜನಿ ಫೋನು ತೆಗೆದು ಚಿಕ್ಕಮಾದಮ್ಮನ ನಂಬರಿಗೆ ಕರೆ ಮಾಡಿದಳು.