ಎರಡು ತಕ್ಕಡಿಗೆ ಒಂದು ಬೀಗ

ಮಬ್ರೂಕಾ ಅಜ್ಜಿ ಎಣ್ಣೆ ಡಬ್ಬವನ್ನು ಗಾಣದ ಮೇಜಿನ ಮೇಲೆ ಕುಕ್ಕಿದಾಗ ಬೆಳಗಿನ ಹತ್ತು ಗಂಟೆ. ಟ್ಯುನೀಸಿಯಾದ ಸ್ಫಾಕ್ಸ್ ಸೀಮೆಯಲ್ಲಿ ಆಲಿವ್ ಸುಗ್ಗಿ ಜೋರಾಗಿ ನಡೆದಿತ್ತು. ಅಂಗಳದ ತುಂಬ ಕಾಯಿ ಹೇರಿದ ವ್ಯಾನುಗಳು, ಒಳಗೆ ಕಿವಿಗಡಚಿಕ್ಕುವ ಯಂತ್ರಗಳು. ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದ ವಸೀಲಾ ತಲೆಯೆತ್ತಿ ನೋಡಿದಳು.

“ಇದು ನನ್ನ ಎಣ್ಣೆ ಅಲ್ಲ,” ಅಂದಳು ಅಜ್ಜಿ.

ಗಾಣದ ಯಜಮಾನ ತುಹಾಮಿ, ಊರವರು ಗೌರವದಿಂದ ಸಿ ತುಹಾಮಿ ಅನ್ನುವವನು, ಚಹದ ಲೋಟ ಕೆಳಗಿಟ್ಟ. “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಅಜ್ಜಿ, ಈ ಸಲ ನಿಮ್ಮ ಕಾಯಿ ಮರದಲ್ಲೇ ಕಪ್ಪಾಗಿ ನೆಲಕ್ಕೆ ಬಿದ್ದಿತ್ತು. ಎಣ್ಣೆ ಕೆಟ್ಟಿದ್ರೆ ನಾನೇನು ಮಾಡ್ಲಿ ಹೇಳಿ?”

“ಕೆಟ್ಟಿದೆ ಅಂತ ಯಾರಂದ್ರು? ತಿಂದು ನೋಡು.”

ತುಹಾಮಿ ರೊಟ್ಟಿ ಚೂರನ್ನು ಅದ್ದಿ ಬಾಯಿಗಿಟ್ಟ. ಖಾರ ಗಂಟಲಿಗೆ ತಾಗಿ ಕೆಮ್ಮು ಬಂತು. ಮರದಿಂದ ಹಸಿರಾಗಿಯೇ ಕಿತ್ತ ಕಾಯಿಯ ಎಣ್ಣೆ ಮಾತ್ರ ಹಾಗೆ ಗಂಟಲು ಹಿಡಿಯುವುದು. “ಎಷ್ಟು ಚೆನ್ನಾಗಿದೆ ಅಜ್ಜಿ. ಈ ವರ್ಷ ಇಂಥದ್ದು ನಾನು ನೋಡೇ ಇಲ್ಲ.”

“ಅದಕ್ಕೇ ಹೇಳ್ತಿರೋದು, ನನ್ನದಲ್ಲ ಅಂತ.”

ಸುತ್ತ ನಿಂತವರು ನಕ್ಕರು. ವ್ಯಾನಿನ ಚಾಲಕನೊಬ್ಬ, “ಅರವತ್ತಕ್ಕೆ ಅರಳು ಮರಳು ಅಂತಾರೆ, ನಮ್ಮಜ್ಜಿಗೆ ಹತ್ತು ವರ್ಷ ತಡವಾಗಿ ಬಂತು,” ಅಂದ. ಇವರೆಲ್ಲರ ಅಪ್ಪಂದಿರು ನಲವತ್ತು ವರ್ಷ ಇದೇ ಅಜ್ಜಿಯ ನಾಲಿಗೆಯ ಮುಂದೆ ಕೈಕಟ್ಟಿ ನಿಂತವರು. ಎಣ್ಣೆ ಯಾರ ತೋಟದ್ದೆಂದು ಜಗಳ ಬಂದರೆ ಅವಳನ್ನೇ ಕರೆಸುತ್ತಿದ್ದರು, ಅವಳು ಹೇಳಿದ ಮೇಲೆ ಜಗಳ ಮುಗಿಯುತ್ತಿತ್ತು. ಆಗೆಲ್ಲ ಪ್ರತಿ ಮನೆಯವರೂ ತಮ್ಮ ಕಾಯಿ ತೊಳೆಯುವಲ್ಲಿಂದ ಎಣ್ಣೆ ಇಳಿಯುವವರೆಗೆ ಪಕ್ಕದಲ್ಲೇ ಕಾದು ಕೂರುತ್ತಿದ್ದರು. ಎರಡನೇ ತಕ್ಕಡಿ ಬಂದ ಈ ವರ್ಷದಿಂದ ತುಹಾಮಿ, “ಮನೆಗೆ ಹೋಗಿ, ಫೋನಿಗೆ ಸಂದೇಶ ಬರುತ್ತೆ” ಎಂದು ಎಲ್ಲರನ್ನೂ ಕಳಿಸಿಬಿಡುತ್ತಿದ್ದ.

“ಕಂಪ್ಯೂಟರ್ ನಿಮ್ಮ ಹೆಸರೇ ತೋರಿಸಿದೆಯಲ್ಲ,” ಅಂದ ತುಹಾಮಿ. “ವಸೀಲಾ, ಹೇಳಮ್ಮ ಇವರಿಗೆ.”

ತಕ್ಕಡಿಗೆ ಬಿದ್ದ ಕಾಯಿಯಿಂದ ಇಳಿದ ಎಣ್ಣೆಯವರೆಗೆ ಯಾವುದು ಯಾರದೆಂದು ಲೆಕ್ಕವಿಡುವ ಪ್ರೋಗ್ರಾಮ್ ಬರೆದವಳು ವಸೀಲಾ. ಮಧ್ಯಾಹ್ನ ಅಕ್ಕಪಕ್ಕದ ಊರುಗಳ ಐವರು ಗಾಣದ ಯಜಮಾನರು ಅದನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅವಳ ಮೂರು ವರ್ಷದ ದುಡಿಮೆಗೆ ದಾರಿಯಾಗುತ್ತಿತ್ತು.

“ಅದಲುಬದಲಾಗೋಕೆ ಸಾಧ್ಯವೇ ಇಲ್ಲ ಅಜ್ಜಿ,” ಅಂದಳು. ಸ್ವಲ್ಪ ಅವಸರದಲ್ಲೇ ಅಂದಳು.

ಅಜ್ಜಿ ಅವಳನ್ನೊಮ್ಮೆ ನೋಡಿದಳು. “ನೀನೂ ಹಾಗೇ ಅಂತೀಯ? ಸರಿ. ನಾನಂತೂ ಇದನ್ನ ಮನೆಗೆ ಒಯ್ಯಲ್ಲ.” ಮೂಲೆಯಲ್ಲಿದ್ದ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಹಿಂದಿನ ವರ್ಷಗಳಲ್ಲಿ ಕೂರುತ್ತಿದ್ದುದೂ ಅಲ್ಲೇ.

ವಸೀಲಾಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅಜ್ಜಿಗೆ ಸುಳ್ಳು ಹೇಳಿ ಆಗಬೇಕಾದದ್ದೇನು? ಕಳಪೆ ಸಿಕ್ಕಿದ್ದರೆ ಜಗಳ ಸರಿ, ಒಳ್ಳೆಯದು ಸಿಕ್ಕಿದ್ದಕ್ಕೆ ಯಾರಾದರೂ ಜಗಳವಾಡುತ್ತಾರೆಯೇ? ಅಜ್ಜಿ ಕಾಯಿ ತಂದಿದ್ದ ಶನಿವಾರದ ದಾಖಲೆ ತೆಗೆದಳು. ಅಜ್ಜಿಯ ಕಾಯಿ ಮೊದಲ ತಕ್ಕಡಿಯ ಮೇಲೆ ಬಿದ್ದದ್ದು ಹನ್ನೊಂದೂಕಾಲಿಗೆ. ಅದೇ ಕ್ಷಣದಲ್ಲಿ ಎರಡನೇ ತಕ್ಕಡಿಯ ಮೇಲೆ ಔಷಧಿ ಅಂಗಡಿಯ ಲಸ್ಸಾದನ ಕಾಯಿ ಬಿದ್ದಿತ್ತು. ಇಬ್ಬರದೂ ಹೆಚ್ಚುಕಡಿಮೆ ಮುನ್ನೂರು ಕಿಲೋ. ಲಸ್ಸಾದನದು ನೀರಾವರಿ ತೋಟ, ಕಾಯಿ ಹಸಿರಿರುವಾಗಲೇ ಕೀಳಿಸುತ್ತಾನೆ.

ಎರಡು ತಕ್ಕಡಿಗೆ ಪ್ರೋಗ್ರಾಮಿನೊಳಗೆ ಎರಡು ಎಳೆಗಳು, ಕಂಪ್ಯೂಟರಿನವರು ಥ್ರೆಡ್ ಅನ್ನುತ್ತಾರೆ. ಎರಡೂ ಒಟ್ಟೊಟ್ಟಿಗೆ ಓಡುತ್ತ ಒಂದೇ ಪಟ್ಟಿಯಲ್ಲಿ ಹೆಸರು ಬರೆಯುತ್ತವೆ. ಒಂದು ಬರೆಯುವಾಗ ಇನ್ನೊಂದು ಕೈಹಾಕದಂತೆ ನಡುವೆ ಬೀಗವಿಟ್ಟಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಬೀಗ ಸರಿಯಾಗಿತ್ತು, ಕಚೇರಿಯ ಹಳೇ ವಿಂಡೋಸ್ ಕಂಪ್ಯೂಟರಿನಲ್ಲೂ ಸರಿಯಾಗಿತ್ತು. ಉಳಿದದ್ದು ಮೂರನೆಯದು, ಈ ವರ್ಷ ತಕ್ಕಡಿಗಳ ನಡುವೆ ಗೋಡೆಗೆ ಹೊಡೆದ ಅಂಗೈಯಗಲದ ಸರ್ಕ್ಯೂಟ್ ಬೋರ್ಡು.

ಒಂದೇ ಪ್ರೋಗ್ರಾಮನ್ನು ಮೂರು ಬಗೆಯ ಯಂತ್ರಕ್ಕೆ ಸಿದ್ಧಮಾಡುವುದೆಂದರೆ ಒಂದೇ ಅಂಗಿಯನ್ನು ಮೂವರ ಮೈಗೆ ಹೊಲಿದ ಹಾಗೆ, ಹೊಲಿಯುವ ಮೊದಲು ಅಳತೆ ಬೇಕು. ಹೀಗೆ ಸಿದ್ಧಮಾಡುವುದಕ್ಕೆ ಬಿಲ್ಡ್ ಅನ್ನುತ್ತಾರೆ, ಅದು ಶುರುವಾಗುವಾಗ ಪುಟ್ಟ ಪರೀಕ್ಷೆಯೊಂದು ಓಡಿ, ಈ ಯಂತ್ರದಲ್ಲಿ ಬೀಗ ಹಾಕಲು ಬರುತ್ತದೆಯೇ ಎಂದು ನೋಡುತ್ತದೆ. ಬೋರ್ಡಿಗೆ ತಾನೇ ಬಿಲ್ಡ್ ಮಾಡಿಕೊಳ್ಳುವ ತ್ರಾಣವಿಲ್ಲದ್ದರಿಂದ ವಸೀಲಾ ಲ್ಯಾಪ್‌ಟಾಪಿನಲ್ಲೇ ಮಾಡಿ ಕಳಿಸಿದ್ದಳು. ಬೋರ್ಡಿನ ಪರೀಕ್ಷೆ ಲ್ಯಾಪ್‌ಟಾಪಿನಲ್ಲಿ ಓಡುವುದು ಹೇಗೆ? ಅಂಗಿಯ ಧಣಿ ಅಂಗಡಿಗೇ ಬಂದಿರಲಿಲ್ಲ.

ಬಿಲ್ಡಿನ ವರದಿ ತೆರೆದು ನಿಧಾನವಾಗಿ ಓದಿದಳು. ನಾನೂರು ಸಾಲುಗಳ ನಡುವೆ ಒಂದು ಸಾಲಿತ್ತು: ಬೀಗದ ಪರೀಕ್ಷೆ ಓಡಲಿಲ್ಲ, ಬೀಗ ಇಲ್ಲವೆಂದುಕೊಂಡು ಮುಂದುವರಿದಿದೆ.

ಹಾಗೆ ಮುಂದುವರಿಯಲು ಹೇಳಿದವಳು ಅವಳೇ. ಮೂರು ವರ್ಷದ ಹಿಂದೆ, ಸುಗ್ಗಿಯ ಗಡಿಬಿಡಿಯಲ್ಲಿ ಬಿಲ್ಡ್ ಪದೇ ಪದೇ ನಿಂತು ತಲೆ ತಿನ್ನುತ್ತಿದ್ದಾಗ, ಗೊತ್ತಾಗದಿದ್ದರೆ ಇಲ್ಲ ಅಂದುಕೋ, ನಿಲ್ಲಬೇಡ ಎಂದು ತನ್ನ ಕೈಯಾರೆ ಬರೆದಿದ್ದಳು. ಬೋರ್ಡಿನೊಳಗಿನ ಬೀಗಗಳೆಲ್ಲ ಹೆಸರಿಗೆ ಮಾತ್ರ ಬೀಗಗಳಾಗಿದ್ದವು.

ಸದ್ದಿಲ್ಲದೆ ಸರಿಮಾಡಬಹುದಿತ್ತು. ಲಸ್ಸಾದ್ ತಕರಾರು ತಂದಿರಲಿಲ್ಲ, ಐವರು ಯಜಮಾನರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅಜ್ಜಿಗೂ ನಷ್ಟವಿಲ್ಲ, ನಾಲಿಗೆಯ ಮಾನವೊಂದನ್ನು ಬಿಟ್ಟು. ಅಷ್ಟರಲ್ಲಿ ಆ ಚಾಲಕ ಹೊರಗೆ ಹೋಗುತ್ತ, “ಏನಜ್ಜಿ, ಕೆಟ್ಟ ಎಣ್ಣೆ ಸಿಗೋವರೆಗೂ ಏಳಲ್ವಾ?” ಅಂದ. ಅಜ್ಜಿ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ವಸೀಲಾಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಫೋನ್ ತೆಗೆದು ಲಸ್ಸಾದನನ್ನು ಕರೆದಳು.

ಮಧ್ಯಾಹ್ನ ಐವರೂ ಬಂದರು, ಚಹ ಬಂತು. ತುಹಾಮಿ ಹೊಗಳಿಕೆ ಶುರುಮಾಡುವ ಮೊದಲೇ ವಸೀಲಾ ಎದ್ದು ನಿಂತಳು.

“ಅಜ್ಜಿ ಹೇಳಿದ್ದೇ ನಿಜ. ಅದು ಅವರ ಎಣ್ಣೆ ಅಲ್ಲ. ಎರಡು ತಕ್ಕಡಿಗೆ ಒಂದೇ ಕ್ಷಣದಲ್ಲಿ ಕಾಯಿ ಬಿದ್ರೆ ನನ್ನ ಪ್ರೋಗ್ರಾಮ್ ಹೆಸರು ಅದಲುಬದಲು ಮಾಡ್ತಿತ್ತು. ತಪ್ಪು ಬೋರ್ಡಿನದಲ್ಲ, ನನ್ನದು.”

ತುಹಾಮಿಯ ಮುಖ ಇಳಿಯಿತು. “ಇವತ್ತೇ ಹೇಳ್ಬೇಕಿತ್ತೇನಮ್ಮ?”

“ಬೆಳಿಗ್ಗೆನೇ ಹೇಳ್ಬೇಕಿತ್ತು ಸಿ ತುಹಾಮಿ.”

ಎಲ್ಲರೆದುರೇ ಆ ಹಳೇ ಸಾಲನ್ನು ಅಳಿಸಿ, ಗೊತ್ತಾಗದಿದ್ದರೆ ನಿಲ್ಲು ಎಂದು ಬರೆದು ಬಿಲ್ಡ್ ಓಡಿಸಿದಳು. ನಾಲ್ಕು ಸಾಲು ಓಡಿ ನಿಂತುಬಿಟ್ಟಿತು. ಯಜಮಾನರೊಬ್ಬರು ಪಕ್ಕದವರ ಕಡೆ ನೋಡಿ ಹುಬ್ಬು ಹಾರಿಸಿದರು. “ಕೆಟ್ಟೋಯ್ತಾ?”

“ಇಲ್ಲ ಯಜಮಾನ್ರೇ. ಗೊತ್ತಿಲ್ಲ ಅಂತ ಹೇಳ್ತಿದೆ.”

ಪೆಟ್ಟಿಗೆಯ ಮೇಲಿಂದ ಅಜ್ಜಿ ಅಂದಳು, “ಮತ್ತೆ? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ಬೇಕು. ಗಂಡಸರ ಹಂಗೆ ಬಾಯಿಗೆ ಬಂದದ್ದು ಹೇಳೋಕಾಗತ್ತಾ?”

ವಸೀಲಾ ಆ ಪುಟ್ಟ ಪರೀಕ್ಷೆಯನ್ನು ಬೋರ್ಡಿಗೇ ಒಯ್ದು ಅಲ್ಲೇ ಓಡಿಸಿದಳು. ಬೀಗ ಹಾಕಲು ಬರುತ್ತದೆ ಎಂದಿತು ಬೋರ್ಡು, ಕೇಳಿದ್ದರೆ ಮೊದಲೇ ಹೇಳುತ್ತಿತ್ತು. ಆ ಉತ್ತರವನ್ನು ಬಿಲ್ಡಿನ ಕಡತದಲ್ಲಿ ಬರೆದು ಮತ್ತೆ ಓಡಿಸಿದಳು. ಈ ಸಲ ಕೊನೆಮುಟ್ಟಿತು. ಎರಡೂ ತಕ್ಕಡಿಗಳಿಂದ ಒಂದೇ ಕ್ಷಣಕ್ಕೆ ಸಾವಿರ ಸಲ ತೂಕ ಬಂದಂತೆ ಮಾಡಿ ನೋಡಿದಳು. ಒಂದು ಹೆಸರೂ ಜಾಗ ಬಿಟ್ಟು ಕದಲಲಿಲ್ಲ.

ನಾಲ್ವರು ಯಜಮಾನರು ಚಹ ಮುಗಿಸಿ, ದೇವರಿಚ್ಛೆ, ಮುಂದಿನ ಸುಗ್ಗಿಗೆ ನೋಡೋಣ ಎಂದು ಹೊರಟರು. ಅದರರ್ಥ ಎಲ್ಲರಿಗೂ ಗೊತ್ತು. ವಸೀಲಾಳ ಕಣ್ಣು ಹನಿಗೂಡಿತು, ಒರೆಸಿಕೊಂಡಳು. ಐದನೆಯವರು, ಹಾಜಿ ಮುಖ್ತಾರ್, ಎದ್ದಿರಲಿಲ್ಲ.

“ನನ್ನ ಗಾಣಕ್ಕೂ ಹಾಕು ಮಗಳೇ. ಆದ್ರೆ ಮೊದಲ ವಾರ ಈ ಅಜ್ಜಿ ಬಂದು ಕೂತ್ಕೋಬೇಕು.”

“ನಂಗೆ ಪುರುಸೊತ್ತಿಲ್ಲ,” ಅಂದಳು ಅಜ್ಜಿ. “ನೆಲದ ಮೇಲೆ ಕಾಯಿ ಇನ್ನೂ ಬಿದ್ದಿದೆ.”

ಅಷ್ಟರಲ್ಲಿ ಲಸ್ಸಾದ್ ತನ್ನ ಮನೆಗೆ ಹೋಗಿದ್ದ ಎಣ್ಣೆ ಡಬ್ಬಗಳನ್ನು ತಂದು ಇಳಿಸಿದ. ಅವನಿಗೂ ಮುಜುಗರವಾಗಿತ್ತು. “ಮನೇಲಿ ಎಲ್ರೂ ಮುಖ ಸಿಂಡರಿಸ್ಕೊಂಡೇ ತಿಂದ್ವಿ ಅಜ್ಜಿ. ಕಂಪ್ಯೂಟರ್ ನಮ್ದು ಅಂದ್ಮೇಲೆ ನಮ್ದೇ ಇರ್ಬೇಕು ಅಂತ ಸುಮ್ನಾದ್ವಿ.”

ಅಜ್ಜಿ ಡಬ್ಬದ ಮುಚ್ಚಳ ತೆಗೆದು ರೊಟ್ಟಿ ಅದ್ದಿದಳು. ಕಣ್ಣು ಮುಚ್ಚಿ ಅಗಿದಳು. ಬೆಳಗಿನಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು. ಇನ್ನೊಂದು ಚೂರು ಅದ್ದಿ ವಸೀಲಾಳ ಕೈಗಿತ್ತಳು. “ತಿನ್ನು. ಹೇಗಿದೆ, ನಿಜ ಹೇಳು.”

“ಮಣ್ಣಿನ ವಾಸನೆ ಬರ್ತಿದೆ ಅಜ್ಜಿ.”

“ಬರ್ದೆ ಇರುತ್ತಾ? ಈ ವರ್ಷ ಒಂದಾಳೂ ಸಿಗ್ಲಿಲ್ಲ. ಇಪ್ಪತ್ತು ದಿನ ಒಬ್ಬಳೇ ಬಗ್ಗಿ ಬಗ್ಗಿ ಆರಿಸಿದ್ದು.” ಅಜ್ಜಿ ಮುಚ್ಚಳ ಬಿಗಿದು ಡಬ್ಬವನ್ನು ಮಡಿಲಿಗೆಳೆದುಕೊಂಡಳು. “ಬೇರೆಯವರ ಒಳ್ಳೇದನ್ನ ಇಟ್ಕೊಂಡ್ರೆ, ನನ್ನ ಸೊಂಟಕ್ಕೆ ನಾನೇನು ಉತ್ತರ ಹೇಳ್ಲಿ?”