ಕೆರೆದಡದಲ್ಲಿ ಎರಡು ಕದಿನ

ಬೆಳ್ಯಪ್ಪನ ಹತ್ತಿರ ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡ್ ಇರಲಿಲ್ಲ. ನಾಪೋಕ್ಲಿನಾಚೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವನಿಗೆ ಕ್ಯಾಮೆರಾ ಸಿಕ್ಕಿದ್ದೇ ತನ್ನ ದೇಶಕ್ಕೆ ಮರಳಿದ ಬಿಳಿ ದೊರೆ ಬಿಟ್ಟುಹೋದ ಸಾಮಾನಿನಲ್ಲಿ. ಮರದ ಪೆಟ್ಟಿಗೆಯಂಥದು, ಒಂದೊಂದು ಚಿತ್ರಕ್ಕೆ ಒಂದೊಂದು ಗಾಜಿನ ಪ್ಲೇಟು. ಸ್ಟ್ಯಾಂಡನ್ನು ಅಷ್ಟರಲ್ಲೇ ಗೆದ್ದಲು ತಿಂದು ಮುಗಿಸಿತ್ತು.

ಅವನಿಗೆ ರೈಟರ್ ಕೆಲಸ ಸಾಕಾಗಿತ್ತು. ಮೈಸೂರಿನ ಒಬ್ಬ ಸ್ಟುಡಿಯೋ ಯಜಮಾನ ಅವನ ಚಿತ್ರಗಳನ್ನು ತಿರುಗಿಸಿ ನೋಡಿ, "ಹಗಲಲ್ಲಿ ಯಾರು ಬೇಕಾದ್ರೂ ತೆಗೀತಾರೆ. ರಾತ್ರಿಯದೊಂದು ತೆಗೆದು ತೋರಿಸು. ಜನವರಿ ಮುಗಿಯೋದ್ರೊಳಗೆ ತಂದ್ರೆ ಕೆಲಸ ನಿಂದು. ಇಲ್ಲಾಂದ್ರೆ ಇನ್ನೊಬ್ಬ ಕಾಯ್ತಿದ್ದಾನೆ" ಎಂದಿದ್ದ.

ಕೊಡಗು ರಾಜ್ಯಕ್ಕೆ ಸ್ವಂತ ಮಂತ್ರಿಗಳು ಬಂದ ಎರಡನೇ ವರ್ಷ ಅದು. ದೊರೆಯಿಂದ ಎಸ್ಟೇಟು ಕೊಂಡ ಕುಶಾಲಪ್ಪನವರು ಜನವರಿ ಇಪ್ಪತ್ತಾರಕ್ಕೆ ತಮ್ಮ ನೆಂಟರಿಷ್ಟರನ್ನು ಕರೆದು ಕೆರೆಯ ದಡದಲ್ಲಿ ಬಾಣಬಿರುಸು ಹಾರಿಸುವುದೆಂದು ಗೊತ್ತುಮಾಡಿದರು. ಬಿರುಸು ಆಕಾಶದಲ್ಲೊಂದು, ನೀರಿನಲ್ಲೊಂದು ಅರಳಿದ ಚಿತ್ರವನ್ನು ಮೈಸೂರಿಗೆ ಒಯ್ಯುವುದೆಂದು ಬೆಳ್ಯಪ್ಪ ನಿಶ್ಚಯಿಸಿದ. ಅವನಲ್ಲಿ ಉಳಿದಿದ್ದದ್ದು ನಾಲ್ಕು ಪ್ಲೇಟು.

ಬಿರುಸು ಹಾರಿಸಲು ತಲಶ್ಶೇರಿಯಿಂದ ಒಬ್ಬ ಬಂದಿದ್ದ. ಬೆಳ್ಯಪ್ಪ ಮಧ್ಯಾಹ್ನವೇ ಅವನನ್ನು ಹಿಡಿದ.

"ನಾನು ಆಚೆ ದಡದಲ್ಲಿರ್ತೇನೆ. ನೀನು ಕಡ್ಡಿ ಗೀರೋದು ನಂಗೆ ಕಾಣೋದಿಲ್ಲ. ಲೆನ್ಸಿನ ಮುಚ್ಚಳ ಯಾವಾಗ ತೆಗೀಬೇಕು ಅಂತ ಗೊತ್ತಾಗ್ಬೇಕಲ್ಲ?"

"ಶಬ್ದ ಕೊಡ್ತೇನೆ ಸಾರೇ. ಕದಿನ ಉಂಟಲ್ಲ," ಎಂದು ಅವನು ಮದ್ದು ತುಂಬುವ ಕಬ್ಬಿಣದ ಕೊಳವೆಗಳನ್ನು ತೋರಿಸಿದ. "ಮೊದಲು ಒಂದು ಹೊಡೀಲಾ?"

"ಒಂದು ಬೇಡ. ಯಾರದೋ ಬೇಟೆ ಕೋವಿ ಅಂದ್ಕೊಂಡೇನು. ಎರಡು ಹೊಡಿ, ಬೆನ್ನುಬೆನ್ನಿಗೆ."

"ಮೂರು ಹೊಡೀಬಹುದು ಸಾರೇ. ಮದ್ದು ನಿಮ್ಮ ಯಜಮಾನರದ್ದೇ."

"ಎರಡು ಸಾಕು ಮಾರಾಯ."

ಕತ್ತಲಾಗುವ ಹೊತ್ತಿಗೆ ಬೆಳ್ಯಪ್ಪ ಮರದ ಬೊಡ್ಡೆಯ ಮೇಲೆ ಮರಳು ತುಂಬಿದ ಕಾಫಿಚೀಲವಿಟ್ಟು, ಅದರಲ್ಲಿ ಕ್ಯಾಮೆರಾ ಊರಿ ಕೂತ. ಗಾಳಿ ಇರಲಿಲ್ಲ, ನೀರು ಅಲುಗುತ್ತಿರಲಿಲ್ಲ. ಎರಡು ಕದಿನ ಸಿಡಿದವು. ಅವನು ಮುಚ್ಚಳ ತೆಗೆದು ಎಣಿಸತೊಡಗಿದ. ಮೊದಲ ಬಿರುಸು ಮೇಲೇರಿ ಒಡೆಯಿತು. ನೀರಿನೊಳಗೂ ಇನ್ನೊಂದು ತಲೆಕೆಳಗಾಗಿ ಒಡೆಯಿತು. ಎಂಬತ್ತು ಎಣಿಸುವಷ್ಟರಲ್ಲಿ ಕೆರೆ ಏರಿಯ ಮೇಲೆ ಉರಿಯುವ ಸೂಟೆಗಳು ಸಾಲಾಗಿ ಓಡಿಬಂದವು.

ಆ ಸೀಮೆಯಲ್ಲಿ ಬೆನ್ನುಬೆನ್ನಿಗೆ ಎರಡು ಗುಂಡು ಕೇಳಿಸಿದರೆ ಒಂದು ಮನೆಯಲ್ಲಿ ಸಾವಾಯಿತೆಂದು ಅರ್ಥ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಸತ್ತವರ ಕುಟುಂಬದವರಾದರೆ ಬೇಯಿಸಿದ್ದನ್ನೂ ಚೆಲ್ಲಿ, ಆ ಮನೆಗೆ ಓಡಬೇಕು. ಬೆಳ್ಯಪ್ಪ ಕೂತಿದ್ದ ದಡಕ್ಕೆ ಅಂಟಿಕೊಂಡೇ ಅವನ ದೊಡ್ಡಪ್ಪ ಮೊಣ್ಣಪ್ಪನ ಮನೆ. ಮೊಣ್ಣಪ್ಪ ಹಾಸಿಗೆ ಹಿಡಿದು ಎರಡು ತಿಂಗಳು. ಅವನ ಕುಟುಂಬದ ಒಂಬತ್ತು ಮನೆಯವರೂ ಆ ಎರಡು ಗುಂಡಿಗಾಗಿ ದಿನಾ ಕಿವಿಗೊಟ್ಟು ಮಲಗುತ್ತಿದ್ದರು.

ದಾಯಾದಿ ಅಣ್ಣ ಮಾಯಿಲಪ್ಪ ಏರಿ ಸುತ್ತಿ ಬರುವಷ್ಟೂ ತಾಳ್ಮೆಯಿಲ್ಲದೆ ಸೂಟೆ ಎತ್ತಿಹಿಡಿದು ಕೆರೆಗೇ ಇಳಿದ. "ಹೆಣ ಮನೆಲಿ ಉಟ್ಟು, ಇವ್ಕೆ ಬೆಂಕಿ ಆಟ!" ಎಂದು ಆಚೆ ದಡಕ್ಕೆ ಕೇಳುವಂತೆ ಬಯ್ಯುತ್ತ ಸೊಂಟದುದ್ದ ನೀರಿನಲ್ಲಿ ನಡೆದುಬಂದ. ಬೆಳ್ಯಪ್ಪ ಎರಡನೇ ಪ್ಲೇಟು ಹಾಕಿದ್ದ. ಬಿರುಸು ಮೇಲೆ ನೆಟ್ಟಗೆ ಅರಳಿತು. ಕೆಳಗೆ ಅಲೆಗಳಲ್ಲಿ ಚೂರುಚೂರಾಯಿತು.

"ಬೆಳ್ಯಪ್ಪಾ, ದೊಡ್ಡಪ್ಪ ಹೋದ್ದ್ ಎಷ್ಟೊತ್ತಿಗೆ?"

"ಸತ್ತಿಲ್ಲೆ ಮಾರಾಯ! ನೀರಿಂದ ಮೇಲೆ ಬಾ!"

"ಸತ್ತಿಲ್ಲೆನಾ? ಮತ್ತೆ ಗುಂಡು ಹೊಡ್ದದ್ ಯಾರ್?"

ಹೊಡೆಸಿದ್ದು ತಾನೇ ಎಂದು ಬೆಳ್ಯಪ್ಪನಿಗೆ ಆಗ ಹೊಳೆಯಿತು. ಹುಟ್ಟಿದಾಗಿನಿಂದ ಆ ಶಬ್ದ ಕೇಳಿದೊಡನೆ ಉಣ್ಣುವ ತಟ್ಟೆ ಬಿಟ್ಟು ಓಡಿದವನು ಅವನು. ಇಷ್ಟು ದಿನ ಅವನ ತಲೆಯಲ್ಲಿ ಪ್ಲೇಟು, ನೀರು, ಮೈಸೂರು ಬಿಟ್ಟರೆ ಬೇರೇನೂ ಇರಲಿಲ್ಲ.

ಮೂರನೇ ಪ್ಲೇಟಿಗೆ ಮುಚ್ಚಳ ತೆಗೆದಾಗ ಮಾಯಿಲಪ್ಪನ ಹೆಂಡತಿ ಯಮುನ, ಮೈದುನ ಅಳುತ್ತಿದ್ದಾನೋ ಇಲ್ಲವೋ ನೋಡಲು ಲೆನ್ಸಿನ ಎದುರಿಗೇ ಸೂಟೆ ಹಿಡಿದಳು.

"ಅತ್ತಿಗೆ, ಬೆಳಕು ಆಚೆ ಹಿಡೀರಿ!"

"ಎಂಥದ್ ಬೆಳಕು? ಹಂದಿ ಸಾರ್ ಮಾಡಿದ್ದೆ. ಸೂತಕ ಆತ್ ತೇಳಿ ಅಷ್ಟನ್ನೂ ಚೆಲ್ಲಿ ಬಂದೆ. ಇಲ್ಲಿ ನೋಡಿರೆ ನಿಂಗೆ ಪಟ!"

ಅವಳನ್ನು ಸರಿಸುವ ಆತುರದಲ್ಲಿ ಅವನು ನಾಲ್ಕನೇ ಪ್ಲೇಟಿಗೆ ಬೆಳಕು ತಾಗದಂತೆ ಮುಚ್ಚಿದ್ದ ಕಪ್ಪು ಹಲಗೆಯನ್ನು ಸೂಟೆಯ ಬೆಳಕಿನಲ್ಲೇ ಎಳೆದುಬಿಟ್ಟ. ಅಷ್ಟರಲ್ಲಿ ಆಚೆ ದಡದ ಬಿರುಸೂ ಮುಗಿಯಿತು.

ಎಲ್ಲರೂ ಮೊಣ್ಣಪ್ಪನ ಅಂಗಳಕ್ಕೆ ಹೋದರು. ಎರಡು ತಿಂಗಳಿಂದ ಎದ್ದು ಕೂರದ ಮುದುಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಯಾರ್ ಸತ್ತದ್?" ಎಂದು ಅವನೇ ಕೇಳಿದ. "ದೊಣ್ಣೆ ತನ್ನಿ, ನಾನೂ ಬನ್ನೆ."

ಮಾಯಿಲಪ್ಪ ಒದ್ದೆ ಪಂಚೆ ಹಿಂಡಿಕೊಂಡು, "ಬೆಳ್ಯಪ್ಪನ್ನ ಕೇಳಿ" ಎಂದ.

ಬೆಳ್ಯಪ್ಪ ಆ ರಾತ್ರಿಯೇ ಎಸ್ಟೇಟಿನ ಸ್ಟೋರಿನ ಕತ್ತಲಲ್ಲಿ ಪ್ಲೇಟುಗಳನ್ನು ತೊಳೆದ. ಮೊದಲನೆಯದರ ತುಂಬ ಸೂಟೆಗಳ ಗೀರು. ಎರಡನೆಯದರಲ್ಲಿ ನೀರಿದ್ದ ಕಡೆ ಬರೀ ಚುಕ್ಕಿ. ಇನ್ನೆರಡು ಸೂಟೆಯ ಬೆಳಕು ತಿಂದು ಪೂರ್ತಿ ಕಪ್ಪಾಗಿದ್ದವು. ಜನವರಿಯಲ್ಲಿ ಐದು ದಿನ ಬಾಕಿಯಿತ್ತು, ಬಿರುಸು ಒಂದೂ ಬಾಕಿಯಿರಲಿಲ್ಲ. ಫೆಬ್ರವರಿ ಮೊದಲ ವಾರ ಸ್ಟುಡಿಯೋದಲ್ಲಿ ಇನ್ನೊಬ್ಬ ಸೇರಿಕೊಂಡ.

ಹಾಳಾದದ್ದು ನಾಲ್ಕು ಪ್ಲೇಟು, ಒಂಬತ್ತು ಮನೆಯ ಊಟ, ಒಂದು ಕೆಲಸ.