ನನ್ನದೇ ಫೈಲು

ಆಸ್ಪತ್ರೆಯ ರೆಕಾರ್ಡ್ ರೂಮಿನ ಸಾಹೇಬರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ನಿಮ್ಮ ಲಾಗಿನ್ ತಾನೇ ಡಾಕ್ಟ್ರೇ? ಮೊನ್ನೆ ಮಧ್ಯಾಹ್ನ ಮನೋವೈದ್ಯ ವಿಭಾಗದ ಒಬ್ಬ ಹೆಣ್ಣುಮಗಳ ಫೈಲು ತೆಗೆದಿದೀರಿ. ಆಕೆ ನಿಮ್ಮ ವಾರ್ಡಿನವರಲ್ಲ. ಯಾಕೆ ನೋಡಿದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೊರಳಿನ ಸ್ಟೆತಸ್ಕೋಪು ಮುಟ್ಟಿ ನೋಡಿಕೊಂಡೆ. ಆದರೆ ಇಲ್ಲಿ ಕುಂಬಳಕಾಯಿಯೂ ನನ್ನದೇ! ಆ ಹೆಣ್ಣುಮಗಳು ನಾನೇ.

ಸರ್ಜರಿ ತರಬೇತಿಯ ಎರಡನೇ ವರ್ಷದಲ್ಲಿ ನನಗೆ ನಿದ್ದೆ ಹಾರಿಹೋಯಿತು. ಲಿಫ್ಟಿನಲ್ಲಿ ಸುಮ್ಮಸುಮ್ಮನೆ ಅಳು ಬರತೊಡಗಿತು. ಬೇರೆ ಆಸ್ಪತ್ರೆಗೆ ಹೋಗಲು ರಜೆ ಎಲ್ಲಿದೆ? ಇಲ್ಲೇ, ಅಜ್ಜಿ ಇಟ್ಟಿದ್ದ ಇನ್ನೊಂದು ಹೆಸರಿನಲ್ಲಿ, ಅಕ್ಕನ ಫೋನ್ ನಂಬರು ಕೊಟ್ಟು ಚೀಟಿ ಮಾಡಿಸಿದೆ. ಗುಟ್ಟು ಗೊತ್ತಿದ್ದದ್ದು ಮನೋವೈದ್ಯರಿಗೆ ಮತ್ತು ಅಕ್ಕನಿಗೆ ಮಾತ್ರ. ಹಿಂದಿನ ವರ್ಷ ನಮ್ಮ ಸೀನಿಯರ್ ಒಬ್ಬನು ಮನೋವೈದ್ಯರ ಬಳಿ ಹೋದದ್ದು ಬಯಲಾಗಿ, ಅವನ ಕೈಗೆ ಕತ್ತರಿ ಕೊಡಲೂ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ನನ್ನನ್ನೂ ಕೆಲಸಕ್ಕೆ ಲಾಯಕ್ಕಿಲ್ಲವೆಂದು ಬರೆದುಬಿಟ್ಟಿದ್ದಾರೋ ಏನೋ ಎಂಬ ಹುಳ ತಲೆ ಹೊಕ್ಕು ಫೈಲು ತೆರೆದಿದ್ದೆ. ಇದ್ದದ್ದು ಇಷ್ಟೇ: "ತುಂಬಾ ದಣಿದಿದ್ದಾಳೆ. ಅಕ್ಕ ಆಸರೆ."

"ಕುತೂಹಲಕ್ಕೆ ನೋಡಿದೆ ಸರ್," ಅಂದೆ.

"ಕುತೂಹಲ! ನಮ್ಮನ್ನ ನಂಬಿ ಬಂದಿರ್ತಾಳಲ್ರೀ ಪಾಪದ ಹುಡುಗಿ!"

ನನ್ನ ಪರವಾಗಿ ನನ್ನ ಮೇಲೆಯೇ ಇಷ್ಟು ರೇಗಿದವರನ್ನು ನಾನು ಕಂಡಿರಲಿಲ್ಲ. ಕೈ ಮುಗಿಯಬೇಕೋ, ಓಡಬೇಕೋ ತಿಳಿಯಲಿಲ್ಲ.

"ನಿಯಮದ ಪ್ರಕಾರ ಆಕೆಗೆ ತಿಳಿಸ್ಬೇಕು. ಆಕೆ ಕಡೆಯಿಂದ ದೂರು ಬಂದ್ರೆ ನಿಮ್ಮ ತರಬೇತಿ ಮೂರು ತಿಂಗಳು ಬಂದ್," ಎನ್ನುತ್ತಲೇ ಸಾಹೇಬರು ನಂಬರು ಒತ್ತಿದರು. ಅವರಿಗೆ ಕಿವಿ ಮಂದ. ಊರಿನ ಗುಟ್ಟನ್ನೆಲ್ಲ ಕಾಯುವ ಅವರ ಫೋನು ಸದಾ ಸ್ಪೀಕರಿನಲ್ಲೇ. ಪಕ್ಕದ ಮೇಜಿನ ಟೈಪಿಸ್ಟ್ ಕೈ ನಿಲ್ಲಿಸಿ ಕಿವಿ ನಿಮಿರಿಸಿದಳು.

"ಅವಳ ಅಕ್ಕ ಮಾತಾಡ್ತಿರೋದು. ಏನಿದ್ರೂ ನನಗೇ ಹೇಳಿ," ಎಂದಿತು ಅತ್ತಲಿನ ದನಿ. ಸಾಹೇಬರು ಹೇಳಿದರು. ತರಬೇತಿಯ ಡಾಕ್ಟರಮ್ಮ ಒಬ್ಬಳು ಫೈಲು ಕದ್ದು ನೋಡಿದ್ದಾಳೆ ಎಂದರು.

"ಯಾರ್ರೀ ಅವಳು?" ಅಕ್ಕನ ಸಿಟ್ಟು ಕೋಣೆ ತುಂಬಿತು. "ನನ್ನ ತಂಗಿನ ಅಲ್ಲಿಗೆ ಕಳಿಸೋಕೆ ನಾಲ್ಕು ತಿಂಗಳು ಗೋಗರೆದಿದೀನಿ. ಬಾಗಿಲ ತನಕ ಬಂದು ಮೂರು ಸಲ ವಾಪಸ್ ಹೋಗಿದಾಳೆ. ಇದು ಗೊತ್ತಾದ್ರೆ ಮತ್ತೆ ಆ ಕಡೆ ತಲೆ ಹಾಕಿನೂ ಮಲಗಲ್ಲ! ಬರ್ಕೊಳ್ಳಿ ದೂರು. ಆ ಡಾಕ್ಟರಮ್ಮನ್ನ ಬಿಡ್ಲೇಬೇಡಿ!"

ಸಾಹೇಬರು ಬರೆಯತೊಡಗಿದರು. ಮೂರು ತಿಂಗಳು ಹೋದರೆ ಹೋಗಲಿ, ಗುಟ್ಟಾದರೂ ಉಳಿಯುತ್ತದಲ್ಲ ಎಂದು ಹಲ್ಲು ಕಚ್ಚಿ ಕುಳಿತೆ. ಅಷ್ಟರಲ್ಲಿ ಅಕ್ಕನ ದನಿ ಒಡೆಯಿತು.

"ಅವಳಿಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ಸರ್?" ಬಿಕ್ಕಿದಳು. ನನ್ನೆದುರು ಒಮ್ಮೆಯೂ ಅತ್ತವಳಲ್ಲ ಅವಳು. ನನಗೆ ಸಂಕಟ ತಡೆಯಲಾಗಲಿಲ್ಲ.

"ಅಕ್ಕಾ, ಅಳಬೇಡ್ವೇ," ಎಂದುಬಿಟ್ಟೆ.

ಸಾಹೇಬರ ಪೆನ್ನು ನಿಂತಿತು. ಟೈಪಿಸ್ಟ್ ನನ್ನನ್ನೇ ದಿಟ್ಟಿಸಿದಳು.

"ಪುಟ್ಟೀ? ನೀನ್ಯಾಕೆ ಅಲ್ಲಿದೀಯ?" ಅಕ್ಕನಿಗೆ ಏನೂ ಅರ್ಥವಾಗಿರಲಿಲ್ಲ. "ಆ ಡಾಕ್ಟರಮ್ಮ ಅಲ್ಲೇ ಇದಾಳಾ?"

ಸಾಹೇಬರು ನನ್ನ ಮುಖ ನೋಡಿದರು, ಪರದೆ ನೋಡಿದರು. ಗಾಬರಿಯಿಂದ ಸ್ಪೀಕರ್ ಆರಿಸುವ ಗುಂಡಿಗಾಗಿ ಫೋನೆಲ್ಲ ತಡಕಾಡಿದರು. ಅದು ಎಲ್ಲಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.